ಚಂಡಮಾರುತ ದಡ ಮುಟ್ಟುವ ಮೊದಲು: ಕೋಲಾರ, ಚಿಕ್ಕಬಳ್ಳಾಪುರದ ಹೊಲ-ತೋಟಗಳಲ್ಲಿ ಯಾವ ಕೆಲಸ ಯಾವಾಗ

ಪ್ರತಿ ನವೆಂಬರ್‌ನಲ್ಲೂ ಅದೇ ಪ್ರಶ್ನೆಗಳು ಬರುತ್ತವೆ. ರಾಗಿ ಕುಯ್ಯಲಾ, ಬಿಡಲಾ? ಟೊಮೆಟೊಗೆ ಇವತ್ತೇ ಔಷಧಿ ಹೊಡೆದುಬಿಡಲಾ? ಕೇಳುವ ಹೊತ್ತಿಗೆ ತುಂತುರು ಶುರುವಾಗಿರುತ್ತದೆ. ಕೆಲಸ ಯಾರಿಗೂ ಗೊತ್ತಿಲ್ಲದ್ದೇನಲ್ಲ. ತಪ್ಪುವುದು ಅದರ ಸರದಿ. ಮೊದಲು ಮಾಡಬೇಕಾದ್ದನ್ನು ಕೊನೆಗೆ, ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡಿ ಕೈ ಸುಟ್ಟುಕೊಳ್ಳುತ್ತೇವೆ. ಅದಕ್ಕೇ ಇಲ್ಲಿ ದಿನ, ಗಂಟೆಗಳ ಲೆಕ್ಕದಲ್ಲೇ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟಿವಿಯವರು ತೋರಿಸುವುದು ಗಾಳಿಯನ್ನು. ನಮಗೆ ಬರುವುದು ನೀರು. ದಡ ದಾಟಿದ ಮೇಲೆ ಚಂಡಮಾರುತಕ್ಕೆ ಸಮುದ್ರದ ಬಿಸಿ ಸಿಗುವುದಿಲ್ಲ, ಹಾಗಾಗಿ ಗಾಳಿಯ ಜೋರು ಬೇಗ ಇಳಿಯುತ್ತದೆ. ಮಳೆ ಹಾಗೆ ಇಳಿಯುವುದಿಲ್ಲ. ಕೋಲಾರದಿಂದ ಚೆನ್ನೈ ನೇರ ಗೆರೆಯಲ್ಲಿ ಸುಮಾರು 230 ಕಿ.ಮೀ. ಅಷ್ಟೇ. "ಎಲ್ಲೋ ಮದ್ರಾಸ್ ಕಡೆ ಅಂತೆ, ಬಿಡಪ್ಪ" ಅನ್ನುವಷ್ಟು ದೂರ ಅದಲ್ಲ.

ಮೊದಲೇ ಕೈಗೆ ಸಿಗಬೇಕಾದವು

ದಪ್ಪ ಟಾರ್ಪಾಲಿನ್ ಎರಡು, ನೈಲಾನ್ ಹಗ್ಗ, ಕಟ್ಟುವ ತಂತಿ, ಗೂಟಗಳು, ಸಲಿಕೆ, ಗುದ್ದಲಿ, ಮರಳು ತುಂಬಲು ಹಳೆಯ ಗೊಬ್ಬರದ ಚೀಲ, ಚಾರ್ಜ್ ಆದ ಟಾರ್ಚ್. ಜೊತೆಗೆ ನೇರ ಗೋಡೆಯ ಸ್ಟೀಲ್ ಡಬ್ಬ ಒಂದು ಮತ್ತು ಮಕ್ಕಳ ಸ್ಕೇಲು. ಅದು ನಿಮ್ಮ ಮಳೆ ಮಾಪಕ. ಮರ, ಗೋಡೆ ಹತ್ತಿರವಿಲ್ಲದ ಕಡೆ ಇಟ್ಟು, ಬೆಳಿಗ್ಗೆ 8.30ಕ್ಕೆ ಅಳೆದು, ಚೆಲ್ಲಿ ಮತ್ತೆ ಇಡಿ. ಹವಾಮಾನ ಇಲಾಖೆಯವರ ಮಳೆ ದಿನವೂ 8.30ರಿಂದ 8.30ಕ್ಕೇ. ಟಾರ್ಪಾಲಿನ್ ಮಾತ್ರ ಇವತ್ತೇ ಬಿಡಿಸಿ, ಸೂರ್ಯನಿಗೆ ಹಿಡಿದು ನೋಡಿ. ಇಲಿ ಕಡಿದ ತೂತು ಮಳೆಯಲ್ಲಿ ಕಂಡರೆ ಏನೂ ಮಾಡಲಾಗುವುದಿಲ್ಲ.

ಹಂತ 1: ಬುಲೆಟಿನ್ ಓದುವುದು (ನಾಲ್ಕೈದು ದಿನ ಮೊದಲು)

ನಮ್ಮ ಸುದ್ದಿಗಳಲ್ಲಿ ಎಲ್ಲಕ್ಕೂ "ವಾಯುಭಾರ ಕುಸಿತ" ಎಂದೇ ಹೇಳುತ್ತಾರೆ. ಮೊದಲ ಗೊಂದಲ ಅಲ್ಲೇ. ಇಲಾಖೆಯ ಲೆಕ್ಕದಲ್ಲಿ ಮೆಟ್ಟಿಲುಗಳಿವೆ. ಗಾಳಿ ಗಂಟೆಗೆ 31 ಕಿ.ಮೀ. ಮುಟ್ಟುವ ತನಕ ಅದು ಬರೀ ಕಡಿಮೆ ಒತ್ತಡದ ಪ್ರದೇಶ. 31ರಿಂದ 49 ಇದ್ದರೆ ಡಿಪ್ರೆಷನ್. 50ರಿಂದ 61 ಡೀಪ್ ಡಿಪ್ರೆಷನ್. 62 ಮುಟ್ಟಿದರೆ ಚಂಡಮಾರುತ, ಆಗ ಹೆಸರು ಇಡುತ್ತಾರೆ. 89 ದಾಟಿದರೆ ತೀವ್ರ, 118 ದಾಟಿದರೆ ಅತಿ ತೀವ್ರ.

ಈ ಮೆಟ್ಟಿಲು ಗಾಳಿಯದು, ಮಳೆಯದಲ್ಲ. ಇದನ್ನು ಮರೆತು ಮೋಸ ಹೋಗುವವರೇ ಜಾಸ್ತಿ. 2021ರ ನವೆಂಬರ್ 19ರ ಬೆಳಗಿನ ಜಾವ ಚೆನ್ನೈ ಹತ್ತಿರ ದಡ ದಾಟಿದ್ದು ಬರೀ ಡಿಪ್ರೆಷನ್. ಅದಕ್ಕೆ ಹೆಸರೂ ಇರಲಿಲ್ಲ. ಆ ತಿಂಗಳ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರದ ಹೊಲಗಳಲ್ಲಿ ಏನಾಯಿತು ಎಂದು ರಾಗಿ ಬೆಳೆದವರನ್ನು ಕೇಳಿ. 2016ರ ಡಿಸೆಂಬರ್ 12ರ ವಾರ್ದಾ ಚೆನ್ನೈನ ಮರಗಳನ್ನೇ ಕಿತ್ತು ಹಾಕಿತ್ತು, ಅದರ ಹೆಸರು ಇಂದಿಗೂ ಎಲ್ಲರಿಗೂ ನೆನಪಿದೆ. ಹೆಸರಿಲ್ಲದ್ದು ಮಾತ್ರ ಯಾರಿಗೂ ನೆನಪಿರುವುದಿಲ್ಲ, ಅಲ್ವಾ?

ಬುಲೆಟಿನ್‌ನಲ್ಲಿ ಹುಡುಕಬೇಕಾದ್ದು ಮೂರೇ.

ಒಂದು, ಯಾವ ಎರಡು ಊರುಗಳ ನಡುವೆ ದಾಟುತ್ತದೆ. ಪುದುಚೇರಿಯಿಂದ ನೆಲ್ಲೂರಿನ ನಡುವೆ ಎಂದಿದ್ದು, ದಾರಿ ಪಶ್ಚಿಮಕ್ಕೋ ವಾಯವ್ಯಕ್ಕೋ ಇದ್ದರೆ, ವೆಲ್ಲೂರು, ಚಿತ್ತೂರು ದಾಟಿ ಉಳಿದದ್ದು ನಮ್ಮ ತಲೆ ಮೇಲೇ. ನಾಗಪಟ್ಟಣದ ಕಡೆ ಎಂದರೆ ಸ್ವಲ್ಪ ಉಸಿರು ಬಿಡಬಹುದು. 2018ರ ಗಜ ವೇದಾರಣ್ಯದ ಬಳಿ ದಾಟಿ ಕೇರಳದ ಮೇಲೆ ಹಾದು ಅರಬ್ಬಿ ಸಮುದ್ರ ಸೇರಿತ್ತು. 2023ರ ಮಿಚೌಂಗ್ ಹಾಗೆ ಬಾಪಟ್ಲ ಕಡೆ ಹೋದರೆ ಮಳೆಯ ದೊಡ್ಡ ಪಾಲು ಆಂಧ್ರಕ್ಕೆ. ನಕ್ಷೆಯಲ್ಲಿ ಗೆರೆಯ ಸುತ್ತ ಅಗಲವಾಗುತ್ತ ಹೋಗುವ ಬಣ್ಣದ ಪಟ್ಟಿ ಇರುತ್ತದೆ. ಸುಳಿಯ, ಅಂದರೆ ಚಂಡಮಾರುತದ, ನಡು ಆ ಪಟ್ಟಿಯೊಳಗೆ ಎಲ್ಲಿ ಬೇಕಾದರೂ ಹೋಗಬಹುದು. ಗೆರೆ ನಮ್ಮೂರಿಂದ 80 ಕಿ.ಮೀ. ಆಚೆ ಇದೆ ಎಂದು ನಿಶ್ಚಿಂತೆಯಾಗಬೇಡಿ. ಪಟ್ಟಿಯ ಹೊರಗೂ ಮಳೆ ಬೀಳುತ್ತದೆ.

ಎರಡು, ಎಷ್ಟು ವೇಗದಲ್ಲಿ ಸರಿಯುತ್ತಿದೆ. "ಕಳೆದ 6 ಗಂಟೆಯಲ್ಲಿ ಗಂಟೆಗೆ ಇಷ್ಟು ಕಿ.ಮೀ." ಎಂಬ ಸಾಲು ಇರುತ್ತದೆ. ಇದು ಸುಳಿ ಮುಂದೆ ಹೋಗುವ ವೇಗ, ಗಾಳಿಯ ವೇಗವಲ್ಲ. 10ಕ್ಕಿಂತ ಕಡಿಮೆಯಾದರೆ ನನಗೆ ಭಯ. ನಿಧಾನ ಎಂದರೆ ಒಂದೇ ಕಡೆ ನಿಂತು ಸುರಿಯುವುದು. 2024ರ ನವೆಂಬರ್ 30ರ ಫೆಂಗಲ್ ಪುದುಚೇರಿ ಬಳಿ ದಡ ಹತ್ತಿ ಗಂಟೆಗಟ್ಟಲೆ ಅಲ್ಲೇ ಕೂತಿತ್ತು.

ಮೂರು, "ದಡ ದಾಟಿದ ನಂತರದ ಮುನ್ನೋಟ". ಇಲಾಖೆ ಎಚ್ಚರಿಕೆಯನ್ನು ನಾಲ್ಕು ಹಂತದಲ್ಲಿ ಕೊಡುತ್ತದೆ. ಮೊದಲನೆಯದು 72 ಗಂಟೆ ಮುಂಚೆ, ಆಮೇಲಿನವು 48 ಮತ್ತು 24 ಗಂಟೆ ಮುಂಚೆ. ಇವು ಮೂರೂ ಮುಖ್ಯವಾಗಿ ಕರಾವಳಿಯವರಿಗೆ. ದಡ ದಾಟುವ 12 ಗಂಟೆ ಮೊದಲು ಬರುವ ನಾಲ್ಕನೆಯದು ಒಳನಾಡಿನ ಜಿಲ್ಲೆಗಳಿಗೆ, ಅಂದರೆ ನಮಗೆ. ಟಿವಿ ನೋಡುವವರು ಅಷ್ಟು ಹೊತ್ತಿಗೆ ಸುಸ್ತಾಗಿ ಚಾನೆಲ್ ಬದಲಾಯಿಸಿರುತ್ತಾರೆ.

ಆಮೇಲೆ ಜಿಲ್ಲೆಯ ಬಣ್ಣ ನೋಡಿ. ಉತ್ತರ ತಮಿಳುನಾಡಿನ ಕೆಂಪು ನಮ್ಮ ಕೆಂಪಲ್ಲ. ಕೋಲಾರಕ್ಕೆ ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೆಲಸಕ್ಕೆ ಇಳಿಯಿರಿ. "ಭಾರೀ ಮಳೆ" ಎಂಬುದಕ್ಕೂ ಅಳತೆ ಇದೆ. ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರೀ, 115.6ರಿಂದ ಅತಿ ಭಾರೀ. ಹೋಬಳಿ ಮಟ್ಟದ ಮಳೆ ತಿಳಿಯಲು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿ ಇದೆ. ಮೇಘದೂತ್ ಆ್ಯಪ್‌ನಲ್ಲಿ ಕೃಷಿ ಸಲಹೆಯೂ ಬರುತ್ತದೆ. ವಾಟ್ಸಾಪ್‌ನಲ್ಲಿ ಸುತ್ತುವ ನಕ್ಷೆಯ ತಾರೀಕು ನೋಡದೆ ನಂಬಬೇಡಿ. ಹೋದ ವರ್ಷದ ಚಿತ್ರಕ್ಕೆ ಈ ವರ್ಷದ ಹೆಸರು ಹಾಕಿ ಕಳಿಸುವವರಿದ್ದಾರೆ.

ಹಂತ 2: ಗಂಟೆಯ ಲೆಕ್ಕ

ಒಂದು ಉದಾಹರಣೆ. ಸುಳಿ ಚೆನ್ನೈಯಿಂದ 450 ಕಿ.ಮೀ. ದೂರದಲ್ಲಿದೆ, ಗಂಟೆಗೆ 15 ಕಿ.ಮೀ.ಯಂತೆ ಬರುತ್ತಿದೆ ಎನ್ನೋಣ. ದಡಕ್ಕೆ 30 ಗಂಟೆ. ಅಲ್ಲಿಂದ ಇಲ್ಲಿಗೆ ಇನ್ನೊಂದು 15 ಗಂಟೆ. ಒಟ್ಟು 45 ಗಂಟೆ ಇದೆ ಎಂದು ಆರಾಮಾಗಿ ಕೂತರೆ ಕೆಟ್ಟಿರಿ. ಈ ಲೆಕ್ಕ ಸುಳಿಯ ನಡುಭಾಗದ್ದು. ಮೋಡದ ತೋಳುಗಳು ಇನ್ನೂರು ಮುನ್ನೂರು ಕಿ.ಮೀ. ಮುಂದೆಯೇ ಚಾಚಿರುತ್ತವೆ. ಹಾಗಾಗಿ ನಾನು ಬಂದ ಲೆಕ್ಕದಲ್ಲಿ ಮುಕ್ಕಾಲು ದಿನ ಕಳೆದುಬಿಡುತ್ತೇನೆ. ನಿಜವಾಗಿ ಕೈಯಲ್ಲಿರುವುದು 27 ಗಂಟೆ. ಅದರಲ್ಲೂ ರಾತ್ರಿ ಕಳೆದರೆ ಹಗಲು ಎಷ್ಟು ಉಳಿಯಿತು, ಕೂಲಿಯವರು ಎಷ್ಟು ಜನ ಸಿಗುತ್ತಾರೆ, ನೋಡಿಕೊಳ್ಳಿ. ಮುಂದಿನ ಹಂತಗಳೆಲ್ಲ ಈ ಹಗಲುಗಳ ಮೇಲೆ ನಿಂತಿವೆ.

ಹಂತ 3: ರಾಗಿ (ಎಲ್ಲಕ್ಕಿಂತ ಮೊದಲು, 72 ಗಂಟೆ ಇರುವಾಗಲೇ)

ಪ್ರಶ್ನೆ "ಕುಯ್ಯಲಾ" ಎಂಬುದಲ್ಲ. "ಕುಯ್ದದ್ದನ್ನು ಮಳೆಗೆ ಮೊದಲು ಮೆದೆ ಒಟ್ಟಿ ಮುಚ್ಚಲು ಆಗುತ್ತದಾ" ಎಂಬುದು. ಆಗುತ್ತದೆ ಎಂದರೆ ಬಲಿತ ತೆನೆ ಕುಯ್ಯಿರಿ. ಆಗುವುದಿಲ್ಲ ಎಂದರೆ ಕುಡುಗೋಲು ಮುಟ್ಟಬೇಡಿ. ನಿಂತ ಪೈರು ಮಳೆಗೆ ಬಾಗಬಹುದು, ಮಲಗಲೂಬಹುದು. ಆದರೂ ತೆನೆಗೆ ಗಾಳಿ ಆಡುತ್ತದೆ. ಕುಯ್ದು ನೆಲದ ಮೇಲೆ ಅರಿ, ಅಂದರೆ ಹಿಡಿ ಹಿಡಿಯಾಗಿ, ಹಾಕಿದ ರಾಗಿಗೆ ಅದೂ ಇಲ್ಲ.

ಈ ಪಾಠ ನಾನು ದುಡ್ಡು ಕೊಟ್ಟು ಕಲಿತದ್ದು. 2021ರಲ್ಲಿ ಕುಯ್ಲಿನ ಯಂತ್ರದವನು ಒಂದು ದಿನ ಮುಂಚೆ ಸಿಕ್ಕ ಎಂಬ ಖುಷಿಯಲ್ಲಿ ಒಂದೂವರೆ ಎಕರೆ ಕುಯ್ಯಿಸಿಬಿಟ್ಟೆ. ಕಟ್ಟು ಕಟ್ಟಲು ಆಳು ಸಿಗಲಿಲ್ಲ. ಮಳೆ ಹಿಡಿಯಿತು. ಐದನೇ ದಿನ ಒಂದು ಅರಿ ಎತ್ತಿದೆ. ಅದು ಬಿಡಿಯಾಗಿ ಬರಲಿಲ್ಲ, ಕಂಬಳಿಯ ಹಾಗೆ ಒಂದಕ್ಕೊಂದು ಅಂಟಿಕೊಂಡು ಎದ್ದಿತು. ಕೆಳಗಿನ ತೆನೆಗಳಿಂದ ಬಿಳಿ ಬೇರು ನೆಲಕ್ಕಿಳಿದಿತ್ತು, ಒಳಗಿಂದ ಹುಳಿ ಹಿಟ್ಟಿನ ವಾಸನೆ. ಅಮ್ಮ ಒಂದು ತೆನೆ ಕೈಯಲ್ಲಿ ಉಜ್ಜಿ ನೋಡಿ, ಏನೂ ಮಾತಾಡದೆ ದನದ ಮುಂದೆ ಹಾಕಿದರು.

ಮೆದೆ ಒಟ್ಟುವಾಗ ಎತ್ತರದ ಜಾಗ ಹಿಡಿಯಿರಿ. ಕೆಳಗೆ ಕಲ್ಲು, ಮೇಲೆ ನೀಲಗಿರಿ ಕಡ್ಡಿ ಹಾಸಿ. ತೆನೆ ಒಳಮುಖ, ಬುಡ ಹೊರಮುಖವಾಗಿ, ಹೊರಕ್ಕೆ ಸ್ವಲ್ಪ ಇಳಿಜಾರು ಇರಲಿ. ಟಾರ್ಪಾಲಿನ್ ಮೇಲಿನಿಂದ ಮುಕ್ಕಾಲು ಭಾಗ ಮುಚ್ಚಿದರೆ ಸಾಕು. ನೆಲದವರೆಗೂ ಸುತ್ತಿದರೆ ಒಳಗಿನ ಹಬೆಗೆ ದಾರಿ ಇರುವುದಿಲ್ಲ. ಹಗ್ಗವನ್ನು ಮೇಲಿಂದ ಅಡ್ಡಡ್ಡ ಹಾಕಿ ಎರಡು ಕಡೆ ಗೂಟಕ್ಕೆ ಬಿಗಿಯಿರಿ. ಬರೀ ಕಲ್ಲು ಹೇರಿದರೆ ಗಾಳಿಗೆ ನಿಲ್ಲುವುದಿಲ್ಲ.

ಎಚ್ಚರಿಕೆಯ ಗುರುತು: ಎರಡನೇ ದಿನ ಮೆದೆಯೊಳಗೆ ಮೊಣಕೈವರೆಗೆ ಕೈ ಹಾಕಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿ ಇದ್ದರೆ ಹಸಿ ಕಟ್ಟು ಒಳಗೆ ಸೇರಿದೆ. ಮಳೆ ಬಿಡುವು ಕೊಟ್ಟ ತಕ್ಷಣ ಬಿಚ್ಚಿ ಆರಿಸಿ.

ಹಂತ 4: ನೀರಿಗೆ ದಾರಿ (48 ಗಂಟೆ)

ಒಂದು ಎಕರೆ ಮೇಲೆ 100 ಮಿ.ಮೀ. ಮಳೆ ಎಂದರೆ ಸುಮಾರು 4 ಲಕ್ಷ ಲೀಟರ್ ನೀರು. ಹತ್ತು ಸಾವಿರ ಲೀಟರಿನ ಟ್ಯಾಂಕರ್ 40 ತಂದು ಸುರಿದಂತೆ. ಅದಕ್ಕೆ ಒಂದು ಸಲಿಕೆ ಅಗಲದ ಕಾಲುವೆ ಯಾವ ಮೂಲೆಗೂ ಸಾಲದು.

ತೋಟದ ಅತಿ ತಗ್ಗಿನ ಮೂಲೆಯಿಂದ ಶುರು ಮಾಡಿ, ಮೇಲಕ್ಕೆ ಬನ್ನಿ. ಎಲ್ಲರೂ ಉಲ್ಟಾ ಮಾಡುತ್ತಾರೆ. ಮೇಲಿನ ಸಾಲು ಬಿಡಿಸುತ್ತ ಬರುತ್ತಾರೆ, ಕೊನೆಯ ಬದು ಒಡೆಯುವ ಹೊತ್ತಿಗೆ ಕತ್ತಲಾಗುತ್ತದೆ, ನೀರೆಲ್ಲ ಅಲ್ಲೇ ಕೆರೆ ಕಟ್ಟುತ್ತದೆ. ಮಲ್ಚಿಂಗ್ ಶೀಟ್ ಹಾಕಿದ ಮಡಿಗಳ ನಡುವಿನ ಸಾಲಿಗೆ ಬಿದ್ದ ಬಳ್ಳಿ, ಕಡ್ಡಿ, ಹರಿದ ಶೀಟ್ ತೆಗೆದುಹಾಕಿ. ನೀರು ಪಕ್ಕದವರ ಹೊಲಕ್ಕೆ ಹೋಗುವುದಾದರೆ ಮೊದಲೇ ಅವರಿಗೆ ಹೇಳಿ, ಇಬ್ಬರೂ ಸೇರಿ ಹಳ್ಳದವರೆಗೆ ದಾರಿ ಮಾಡಿ. ರಾತ್ರಿ ಮಳೆಯಲ್ಲಿ ಬದುವಿನ ಮೇಲೆ ನಿಂತು ಜಗಳ ಆಡುವುದಕ್ಕಿಂತ ಅದು ಮೇಲು.

ಕೆರೆಯ ಮಾತು ಈಗ ಬದಲಾಗಿದೆ. ಮುಂಚೆ ನಮ್ಮ ಕೆರೆಗಳು ಒಣಗಿರುತ್ತಿದ್ದವು, ಎಷ್ಟು ಮಳೆ ಬಂದರೂ ಕುಡಿಯುತ್ತಿದ್ದವು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಿಂದ ಶುದ್ಧೀಕರಿಸಿ ಕಳಿಸುವ ಕೊಳಚೆ ನೀರು, ಬರುವ ಕೆರೆಗಳು ನವೆಂಬರ್‌ಗೆ ಮೊದಲೇ ತುಂಬಿರುತ್ತವೆ. ಅಂಥ ಕೆರೆ ಒಂದೇ ರಾತ್ರಿಯ ಮಳೆಗೆ ಕೋಡಿ ಹೋಗಬಹುದು. ಕೋಡಿ ಕಾಲುವೆಯಲ್ಲಿ ಜೊಂಡು, ಜಾಲಿ ಬೆಳೆದಿದ್ದರೆ ಊರಿನವರು ಸೇರಿ ಈಗಲೇ ಬಿಡಿಸಿ. ಏರಿಯ ಹಿಂಬದಿಯನ್ನೂ ಒಮ್ಮೆ ನಡೆದು ನೋಡಿ. ತಿಳಿ ನೀರು ಜಿನುಗಿದರೆ ಗಮನವಿಟ್ಟರೆ ಸಾಕು. ಕೆಂಪು, ಮಣ್ಣು ಕಲಸಿದ ನೀರು ಬರುತ್ತಿದ್ದರೆ ಏರಿಯ ಒಳಗಿನ ಮಣ್ಣು ಕೊಚ್ಚುತ್ತಿದೆ ಎಂದರ್ಥ. ತಡ ಮಾಡದೆ ಪಂಚಾಯಿತಿಗೂ ತಹಶೀಲ್ದಾರ್ ಕಚೇರಿಗೂ ತಿಳಿಸಿ. ಅಚ್ಚುಕಟ್ಟಿನ ಮನೆಯವರನ್ನು ಎಬ್ಬಿಸಿ.

ಹಂತ 5: ಟೊಮೆಟೊ, ದ್ರಾಕ್ಷಿ (48ರಿಂದ 24 ಗಂಟೆ)

ಡ್ರಿಪ್ ನಿಲ್ಲಿಸುವುದು ಮೊದಲ ಕೆಲಸ, ಖರ್ಚೇ ಇಲ್ಲದ್ದು. ಯೂರಿಯಾ ಕೊಡುವ ಸರದಿ ಇದ್ದರೂ ಮುಂದಕ್ಕೆ ಹಾಕಿ. ಎಳೆ ಸೊಪ್ಪು ಜಾಸ್ತಿಯಾದಷ್ಟೂ ಅಂಗಮಾರಿ ರೋಗಕ್ಕೆ ಹಬ್ಬ.

ಎರಡನೆಯದು ಕಾಯಿ ಬಿಡಿಸುವುದು. ಬಣ್ಣ ತಿರುಗಿದ್ದೆಲ್ಲ ಕೀಳಿ. ಮಳೆ ನೀರು ಕುಡಿದ ಹಣ್ಣು ತೊಟ್ಟಿನ ಸುತ್ತ ಸೀಳುತ್ತದೆ, ಸೀಳಿದ್ದನ್ನು ಮಂಡಿಯಲ್ಲಿ ಯಾರೂ ಮುಟ್ಟುವುದಿಲ್ಲ. "ಎಲ್ಲರೂ ಇವತ್ತೇ ತರುತ್ತಾರೆ, ರೇಟು ಬೀಳುತ್ತದೆ, ಮಳೆ ಮುಗಿದ ಮೇಲೆ ಏರುತ್ತದೆ" ಎಂದು ಕಾಯುವವರಿದ್ದಾರೆ. ಏರುವುದು ನಿಜ ಇರಬಹುದು. ಆದರೆ ಆಗ ಮಾರಲು ನಿಮ್ಮ ಹತ್ತಿರ ಹಣ್ಣಿರಬೇಕಲ್ಲ. 15 ಕೆ.ಜಿ. ಬಾಕ್ಸಿಗೆ ಕಡಿಮೆ ಬಂದರೂ ಬಂದದ್ದು ಕೈಗೆ ಬಂತು ಎನ್ನುವ ಕಡೆ ನಾನು.

ಮೂರನೆಯದು ಊರುಗೋಲು. ಸುಳಿ ಬಂಗಾಳ ಕೊಲ್ಲಿಯಲ್ಲಿರುವಾಗ ನಮಗೆ ಗಾಳಿ ಉತ್ತರ, ಈಶಾನ್ಯದಿಂದ ಬರುತ್ತದೆ. ಹಾಗಾಗಿ ಆ ಕಡೆಯ ಸಾಲುಗಳಿಂದ ಶುರು ಮಾಡಿ. ಪ್ರತಿ ಸಾಲಿನ ತುದಿ ಕಂಬವನ್ನು ಹಿಡಿದು ಅಲ್ಲಾಡಿಸಿ ನೋಡಿ. ಬುಡದಲ್ಲಿ ಮಣ್ಣು ಬಿರುಕು ಬಿಟ್ಟರೆ ಅದು ನೆನೆದ ನೆಲದಲ್ಲಿ ನಿಲ್ಲುವುದಿಲ್ಲ. ಅಂಥ ಕಂಬಕ್ಕೆ ಹೊರಗಡೆಗೆ ಗೂಟ ಹೊಡೆದು ತಂತಿ ಎಳೆಯಿರಿ. ತುದಿ ಕಂಬ ಬಿದ್ದರೆ ಇಡೀ ಸಾಲು ಅದರ ಹಿಂದೆ ಮಲಗುತ್ತದೆ.

ಇನ್ನು ಔಷಧಿ. ಜಾಸ್ತಿ ದುಡ್ಡು ನೀರಲ್ಲಿ ಹೋಗುವುದು ಇಲ್ಲೇ. ಎಲೆ ಮೇಲೆ ಬಿದ್ದ ಔಷಧಿ ಒಣಗಿ ಹಿಡಿಯಲು ಕೆಲವು ಗಂಟೆ ಬಿಸಿಲೋ ಒಣ ಗಾಳಿಯೋ ಬೇಕು. ಒಂದು ಪೂರ್ತಿ ಒಣ ಹಗಲು ಉಳಿದಿದ್ದರೆ ಮ್ಯಾಂಕೋಜೆಬ್ ಲೀಟರಿಗೆ 2 ಗ್ರಾಂ ಬೆರೆಸಿ ಹೊಡೆಯಿರಿ, ಅಂಟು ದ್ರಾವಣವನ್ನೂ ಸೇರಿಸಿ. ಅದು ರೋಗ ಬಾರದಂತೆ ತಡೆಯುವುದಕ್ಕೆ. ಕಾಯಿ ಬಿಡಿಸಿದ ಮೇಲೆ ಹೊಡೆಯಿರಿ, ಮೊದಲಲ್ಲ. ಮುಂದಿನ ಬಿಡಿಸುವಿಕೆಗೆ ಎಷ್ಟು ದಿನ ಬಿಡಬೇಕೆಂದು ಪೊಟ್ಟಣದ ಮೇಲೆ ನೋಡಿ. ಮೋಡ ಕಟ್ಟಿದೆ, ಒಂದೆರಡು ಹನಿ ಬಿದ್ದಿದೆ ಎಂದರೆ ಪಂಪ್ ಒಳಗಿಡಿ. ಅಂಗಡಿಯವರು ಮೂರು ಡಬ್ಬ ಬೆರೆಸಿ ಕೊಡುತ್ತೇನೆ ಎಂದರೂ ಬೇಡ.

ಚಿಕ್ಕಬಳ್ಳಾಪುರದ ದ್ರಾಕ್ಷಿಯವರಿಗೂ ಇದೇ ಸರದಿ. ಚಪ್ಪರದ ಮೂಲೆ ಕಂಬಗಳ ಎಳೆತಂತಿ ನೋಡಿ, ಬುಡದ ಗುಂಡಿಗಳಲ್ಲಿ ನೀರು ನಿಲ್ಲದಂತೆ ಮಾಡಿ. ಮಳೆಯ ನಂತರ ಎಲೆಯ ಕೆಳಗೆ ಬಿಳಿ ಬೂಜು ಹುಡುಕಿ.

ಹಂತ 6: ಹುಳು ಮನೆ, ಕೊಟ್ಟಿಗೆ, ಕರೆಂಟು (24 ಗಂಟೆ)

ರೇಷ್ಮೆ ಹುಳುವಿಗೆ ಒದ್ದೆ ಸೊಪ್ಪು ಆಗುವುದಿಲ್ಲ. ಮಳೆಗೆ ಮೊದಲು ಒಂದು ದಿನದ ಸೊಪ್ಪು ಕಟಾವು ಮಾಡಿ ನೆರಳಲ್ಲಿ ಒದ್ದೆ ಗೋಣಿ ಮುಚ್ಚಿಡಿ. ಅದಕ್ಕಿಂತ ಜಾಸ್ತಿ ಕೂಡಿಟ್ಟರೆ ಸೊಪ್ಪು ಬಾಡುತ್ತದೆ, ಕಾಯುತ್ತದೆ. ಥಂಡಿಗೆ ಹೆದರಿ ಎಲ್ಲ ಕಿಟಕಿ ಮುಚ್ಚುವುದು ಇನ್ನೊಂದು ತಪ್ಪು. ಗಾಳಿ ಬೀಸುವ ಕಡೆ ಮುಚ್ಚಿ, ಎದುರು ಕಡೆ ಸ್ವಲ್ಪ ತೆರೆದಿಡಿ. ಹಾಸಿಗೆಗೆ ಸುಣ್ಣದ ಪುಡಿ ಉದುರಿಸಿ ಒಣಗಿಸಿಕೊಳ್ಳಿ. ಸತ್ತ ಹುಳು ಗಟ್ಟಿಯಾಗಿ ಬಿಳಿ ಬಣ್ಣಕ್ಕೆ ತಿರುಗುತ್ತಿದ್ದರೆ ಅದು ಸುಣ್ಣಕಟ್ಟು ರೋಗ. ಅಂಥದ್ದನ್ನು ಕೂಡಲೇ ಆಯ್ದು ಸುಡಿ.

ಕೊಟ್ಟಿಗೆಯ ಶೀಟ್‌ಗಳ ಬೋಲ್ಟ್ ಬಿಗಿ ಮಾಡಿ. ಎರಡು ದಿನದ ಒಣ ಹುಲ್ಲು ಒಳಗೆ ಹಾಕಿ. ಬೋರ್‌ವೆಲ್ ಸ್ಟಾರ್ಟರ್ ಪೆಟ್ಟಿಗೆ ನೆಲಮಟ್ಟದಲ್ಲಿದ್ದರೆ ಮೇನ್ ಸ್ವಿಚ್ ಇಳಿಸಿಬಿಡಿ. ಅದಕ್ಕೆ ಮುಂಚೆ ತೊಟ್ಟಿ ತುಂಬಿಸಿಕೊಳ್ಳಿ, ಕರೆಂಟು ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ. ತಂತಿ ಹರಿದು ಬಿದ್ದರೆ ಹತ್ತಿರ ಹೋಗಬೇಡಿ, 1912ಕ್ಕೆ ಫೋನ್ ಮಾಡಿ. ಒದ್ದೆ ನೆಲದಲ್ಲಿ ಒಣ ಕೋಲನ್ನೂ ನಂಬುವಂತಿಲ್ಲ.

ಹಂತ 7: ಮಳೆ ಹಿಡಿದಾಗ

ಈಗ ಮಾಡುವ ಕೆಲಸ ಕಡಿಮೆ, ನೋಡುವುದು ಜಾಸ್ತಿ. ಗಾಳಿಗೆ ಮುಖ ಮಾಡಿ ನಿಲ್ಲಿ. ಸುಳಿ ನಿಮ್ಮ ಬಲಗೈ ಕಡೆ, ಸ್ವಲ್ಪ ಹಿಂದಕ್ಕೆ ಇರುತ್ತದೆ. ಗಾಳಿ ಉತ್ತರದಿಂದ ಈಶಾನ್ಯಕ್ಕೆ, ಆಮೇಲೆ ಪೂರ್ವಕ್ಕೆ ತಿರುಗಿದರೆ ಸುಳಿ ನಮ್ಮ ದಕ್ಷಿಣಕ್ಕೆ ಹಾಯುತ್ತಿದೆ. ಪೂರ್ವದ ಗಾಳಿ ಕೊಲ್ಲಿಯ ತೇವ ತರುತ್ತಲೇ ಇರುತ್ತದೆ, ಜಡಿ ಬೇಗ ಬಿಡುವುದಿಲ್ಲ. ಉತ್ತರದಿಂದ ವಾಯವ್ಯಕ್ಕೆ, ಪಶ್ಚಿಮಕ್ಕೆ ತಿರುಗಿದರೆ ಅದು ನಮ್ಮ ಉತ್ತರಕ್ಕೆ ಹೋಗುತ್ತಿದೆ, ಸಾಮಾನ್ಯವಾಗಿ ಬೇಗ ಬಿಡುವು ಸಿಗುತ್ತದೆ. ಗಾಳಿಯೇ ಗೊತ್ತಾಗದಷ್ಟು ಮಂದವಾಗಿದ್ದರೆ ಇದು ನಡೆಯುವುದಿಲ್ಲ, ಬುಲೆಟಿನ್ ನೋಡಿ. ಚಂಡಮಾರುತದ ಹಂತದಲ್ಲಿ ಮೂರು ಗಂಟೆಗೊಮ್ಮೆ ಬರುತ್ತದೆ.

ಹಳ್ಳ, ಕೋಡಿ ನೀರು ರಸ್ತೆ ಮೇಲೆ ಹರಿಯುತ್ತಿದ್ದರೆ ಬೈಕ್ ಇಳಿಸಬೇಡಿ. ನೀರಿನ ಆಳ ಕಂಡರೂ ಕೆಳಗಿನ ರಸ್ತೆ ಇದೆಯೋ ಕೊಚ್ಚಿಹೋಗಿದೆಯೋ ಕಾಣುವುದಿಲ್ಲ. ಹಾಲಿನ ಡೇರಿಗೆ ಒಂದು ಹೊತ್ತು ಹೋಗದಿದ್ದರೆ ಹಾಲು ಮೊಸರಾಗುತ್ತದೆ, ಅಷ್ಟೇ.

ಹಂತ 8: ಬಿಟ್ಟ ಮೇಲೆ

ಮೊದಲು ಫೋಟೋ, ಆಮೇಲೆ ಸಲಿಕೆ. ನಿಂತ ನೀರು, ಮಲಗಿದ ಪೈರು, ಹಿಂದೆ ಗುರುತು ಸಿಗುವ ಮರವೋ ಬೋರ್‌ವೆಲ್ಲೋ ಬರುವಂತೆ ತೆಗೆಯಿರಿ. ಬೆಳೆ ವಿಮೆ ಮಾಡಿಸಿದ್ದರೆ 72 ಗಂಟೆಯೊಳಗೆ ತಿಳಿಸಬೇಕು, ಸಹಾಯವಾಣಿ 14447. ಕುಯ್ದು ಒಣಗಲು ಹೊಲದಲ್ಲೇ ಹರವಿದ ರಾಗಿಗೂ, ಕುಯ್ಲಾಗಿ 14 ದಿನದೊಳಗೆ ಚಂಡಮಾರುತದ ಮಳೆಗೆ ಕೆಟ್ಟರೆ, ಪ್ರಧಾನಮಂತ್ರಿ ಫಸಲ್ ಬಿಮಾ ಬೆಳೆ ವಿಮೆಯಲ್ಲಿ ಅವಕಾಶವಿದೆ. ಇದು ಗೊತ್ತಿಲ್ಲದೆ "ಕುಯ್ದ ಮೇಲೆ ಏನು ಕೊಡುತ್ತಾರೆ" ಎಂದು ಸುಮ್ನೆ ಕೂತವರಲ್ಲಿ ನಾನೂ ಒಬ್ಬ. ಸರ್ಕಾರದ ಪರಿಹಾರ ಬೇರೆ. ಅದಕ್ಕೆ ಬೆಳೆ ಹಾನಿ ಕನಿಷ್ಠ ಶೇ. 33 ಇರಬೇಕು. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ನಿಜವಾಗಿ ಹಾಕಿದ ಬೆಳೆಯೇ ಇದೆಯಾ ನೋಡಿಕೊಳ್ಳಿ. ಹೊಲದಲ್ಲಿ ಟೊಮೆಟೊ, ದಾಖಲೆಯಲ್ಲಿ ರಾಗಿ ಇದ್ದರೆ ಫೋಟೋ ಎಷ್ಟಿದ್ದರೂ ಓಡಾಟ ತಪ್ಪದು.

ನೀರು ಇಳಿದ ತಕ್ಷಣ ತೋಟಕ್ಕೆ ನುಗ್ಗಬೇಡಿ. ಒದ್ದೆ ಗಿಡಗಳ ನಡುವೆ ಓಡಾಡಿದರೆ ನಿಮ್ಮ ಕೈ, ಬಟ್ಟೆಯಿಂದಲೇ ರೋಗ ಸಾಲಿನಿಂದ ಸಾಲಿಗೆ ಹೋಗುತ್ತದೆ. ಎಲೆ ಒಣಗಲಿ. ಆಮೇಲೆ ಬಿದ್ದ ಕಾಯಿ, ಕೊಳೆತ ಎಲೆ ಆಯ್ದು ಗುಂಡಿಗೆ ಹಾಕಿ. ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಬೆರೆಸಿ ಸುರಿಯಿರಿ. ಎಲೆಯ ಅಂಚಲ್ಲಿ ನೀರು ತುಂಬಿದಂತೆ ಕಪ್ಪು ಮಚ್ಚೆ, ಕೆಳಗೆ ಬಿಳಿ ಬೂಜು ಕಂಡರೆ ಅಂಗಮಾರಿ ಬಂದಿದೆ. ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಸೇರಿದ ಔಷಧಿ ಲೀಟರಿಗೆ 2 ಗ್ರಾಂ. ಗಿಡ ಹಸಿರಾಗಿಯೇ ಇದ್ದು ಮಧ್ಯಾಹ್ನ ಜೋತು ಬಿದ್ದರೆ ಅದು ಬೇರೆ ಕಾಯಿಲೆ ಇರಬಹುದು. ಒಂದು ಗಿಡ ಕಿತ್ತು, ಕವರಿನಲ್ಲಿ ಹಾಕಿಕೊಂಡು ಕೋಲಾರದ ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೋ, ಚಿಂತಾಮಣಿಯ ಕುರುಬೂರಿನ ಕೇಂದ್ರಕ್ಕೋ ತೋರಿಸಿ. ಅಂಗಡಿಗೆ ಆಮೇಲೆ ಹೋಗಿ.

ತೋಡಿದ ಕಾಲುವೆಗಳನ್ನು ಮುಚ್ಚಬೇಡಿ. ಡಿಸೆಂಬರ್ ಮುಗಿಯುವ ತನಕ ಕೊಲ್ಲಿಯಲ್ಲಿ ಇನ್ನೊಂದು ಏಳಬಹುದು. ಟಾರ್ಪಾಲಿನ್ ಒಣಗಿಸಿ ಮಡಚಿ, ಅಟ್ಟದ ಮೇಲಲ್ಲ, ಹಗ್ಗಕ್ಕೆ ತೂಗು ಹಾಕಿ. ಅಟ್ಟದಲ್ಲಿಟ್ಟರೆ ಇಲಿಗೆ ಕೊಟ್ಟಂತೆ.